ಹಳೆಯ ಡೀಸೆಲ್ ಜೀಪಿಗೆ ಎಲೆಕ್ಟ್ರಿಕ್ ರೇಡಿಯೇಟರ್ ಫ್ಯಾನ್ ಹಾಕಿಸಬಹುದೇ?

ಮಾಯಕೊಂಡದ ಜೀಪು

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2523 ಸಿಸಿ ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಎಂಜಿನ್ನಿನ ಹಳೆಯ ಜೀಪು ಇದೆ. ತೋಟಕ್ಕೆ ಗೊಬ್ಬರ, ಡ್ರಿಪ್ ಪೈಪು ಒಯ್ಯಲು, ಸುಟ್ಟುಹೋದ ಬೋರ್‌ವೆಲ್ ಮೋಟಾರನ್ನು ರೀವೈಂಡಿಂಗಿಗೆ ದಾವಣಗೆರೆಗೆ ತರಲು ಇದನ್ನೇ ನೆಚ್ಚಿಕೊಂಡಿದ್ದೇನೆ. ಬಿಸಿಲು ಏರತೊಡಗಿದ ಮೇಲೆ ಎರಡು ಸಂದರ್ಭಗಳಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಕಡೆಗೆ ಸರಿಯುತ್ತಿದೆ. ಎಪಿಎಂಸಿ ಯಾರ್ಡಿನ ಮುಂದೆ ಲಾರಿ, ಟ್ರ್ಯಾಕ್ಟರುಗಳ ಸಾಲಿನಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಾಗ ಒಂದು. ಭಾರ ಹೇರಿಕೊಂಡು ಹೊಲದ ದಾರಿಯಲ್ಲಿ ಎರಡನೆಯ ಗೇರಿನಲ್ಲಿ ನಿಧಾನವಾಗಿ ಬರುವಾಗ ಇನ್ನೊಂದು. ಆನಗೋಡಿನ ಹತ್ತಿರ ಹೆದ್ದಾರಿ ಹಿಡಿದು ಅರವತ್ತರ ವೇಗಕ್ಕೆ ಬಂದರೆ ಮುಳ್ಳು ತಾನಾಗಿಯೇ ಕೆಳಗಿಳಿಯುತ್ತದೆ.

ಈಗ ಇರುವುದು ವಾಟರ್ ಪಂಪಿನ ಪುಲ್ಲಿಗೆ ಬೋಲ್ಟ್ ಮಾಡಿರುವ, ಬೆಲ್ಟಿನಿಂದ ತಿರುಗುವ ಫ್ಯಾನ್. ಅದರ ಸುತ್ತ ಇರಬೇಕಾದ ಷ್ರೌಡ್, ಅಂದರೆ ತಗಡಿನ ಕವಚ, ನಾನು ಗಾಡಿ ಕೊಳ್ಳುವಾಗಲೇ ಇರಲಿಲ್ಲ. ರೇಡಿಯೇಟರಿಗೆ ಮೊದಲಿನಿಂದಲೂ ತೋಟದ ಬೋರಿನ ನೀರನ್ನೇ ಹಾಕುತ್ತ ಬಂದಿದ್ದೇನೆ. ಒಂದು ಗ್ಯಾರೇಜಿನವರು, ಗುಜರಿಯಲ್ಲಿ ಸಿಗುವ ಮಾರುತಿ 800 ಕಾರಿನ ಎಲೆಕ್ಟ್ರಿಕ್ ಫ್ಯಾನನ್ನು ರೇಡಿಯೇಟರಿನ ಮುಂಭಾಗಕ್ಕೆ ಪ್ಲಾಸ್ಟಿಕ್ ಟೈಗಳಿಂದ ಬಿಗಿದು, ಬೆಲ್ಟಿನ ಫ್ಯಾನನ್ನು ತೆಗೆದುಹಾಕಿದರೆ ಬಿಸಿಯೂ ನಿಲ್ಲುತ್ತದೆ, ಡೀಸೆಲ್ಲೂ ಉಳಿಯುತ್ತದೆ ಎಂದಿದ್ದಾರೆ. ಅಷ್ಟು ಫ್ಯಾನ್ ಈ ಎಂಜಿನ್ನಿಗೆ ಸಾಕಾಗುತ್ತದೆಯೇ, ಮುಂದೆ ಕೂರಿಸಬೇಕೇ ಹಿಂದೆಯೇ, ಎಂಜಿನ್ನಿನಿಂದ ತಿರುಗಿ ಕರೆಂಟ್ ಕೊಡುವ ಹಳೆಯ ಆಲ್ಟರ್ನೇಟರ್ ಅದನ್ನು ತಾಳುತ್ತದೆಯೇ, ಡೀಸೆಲ್ ಉಳಿಯುವ ಮಾತು ನಿಜವೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹದಡಿ ರಸ್ತೆ ಡೀಸೆಲ್

ತಮ್ಮ ಪ್ರಶ್ನೆಯಲ್ಲಿಯೇ ಬಹುಪಾಲು ಉತ್ತರ ಅಡಗಿದೆ. ಹೆದ್ದಾರಿಯಲ್ಲಿ ತಣ್ಣಗಿದ್ದು, ನಿಂತಾಗ ಮತ್ತು ನಿಧಾನವಾಗಿ ಚಲಿಸುವಾಗ ಮಾತ್ರ ಬಿಸಿಯೇರುವ ಗಾಡಿಗೆ ಗಾಳಿ ಸಾಲುತ್ತಿಲ್ಲ ಎಂದು ತಿಳಿಯಬೇಕು. ಇದಕ್ಕೆ ತದ್ವಿರುದ್ಧವಾಗಿ, ನಿಂತಾಗ ಸುಮ್ಮನಿದ್ದು ವೇಗದಲ್ಲಿ ಅಥವಾ ಏರಿನಲ್ಲಿ ಕಾಯುವ ಗಾಡಿಯಲ್ಲಿ ರೇಡಿಯೇಟರ್ ಕಟ್ಟಿರುವುದು, ವಾಟರ್ ಪಂಪಿನ ರೆಕ್ಕೆ ಸವೆದಿರುವುದು, ಥರ್ಮೋಸ್ಟಾಟ್ (ನೀರು ಕಾದಾಗ ತೆರೆದು ಅದನ್ನು ರೇಡಿಯೇಟರಿಗೆ ಬಿಡುವ ಕವಾಟ) ಪೂರ್ತಿ ತೆರೆಯದಿರುವುದು, ಹೆಡ್ ಗ್ಯಾಸ್ಕೆಟ್ ಸೋರುತ್ತಿರುವುದು ಇಂಥ ಕಾರಣಗಳಿರುತ್ತವೆ. ಅಂಥ ಗಾಡಿಗೆ ಎಷ್ಟೇ ದೊಡ್ಡ ಫ್ಯಾನ್ ಹಾಕಿದರೂ ಪ್ರಯೋಜನವಿಲ್ಲ. ಗಂಟೆಗೆ ಐವತ್ತು, ಅರವತ್ತು ಕಿಲೋಮೀಟರ್ ವೇಗದಲ್ಲಿ ಮುಂಭಾಗದಿಂದ ನುಗ್ಗುವ ಗಾಳಿಯೇ ಸಾಕಷ್ಟಿರುವುದರಿಂದ ಅಲ್ಲಿ ಫ್ಯಾನಿನ ಪಾತ್ರ ಬಹಳ ಕಡಿಮೆ.

ಹಾಗಾದರೆ ಎಲೆಕ್ಟ್ರಿಕ್ ಫ್ಯಾನ್ ಬೇಕೇ ಎಂದರೆ, ನನ್ನ ದೃಢ ಅಭಿಪ್ರಾಯದಲ್ಲಿ ಮೊದಲು ಬೇಕಾಗಿರುವುದು ಷ್ರೌಡ್. ಕವಚವಿಲ್ಲದ ಫ್ಯಾನ್ ತನ್ನ ವೃತ್ತದ ಎದುರಿಗಿರುವ ಭಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ರೇಡಿಯೇಟರಿನ ನಾಲ್ಕು ಮೂಲೆಗಳು ಹಾಗೆಯೇ ಉಳಿಯುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ, ರೆಕ್ಕೆಯ ತುದಿಯ ಸುತ್ತ ಎಂಜಿನ್ ಕಡೆಯ ಬಿಸಿಗಾಳಿಯೇ ಹಿಂದಿರುಗಿ ಬಂದು ಮತ್ತೆ ಮತ್ತೆ ಅಲ್ಲಿಯೇ ಸುತ್ತುತ್ತಿರುತ್ತದೆ. ತಗಡಿನ ಕೆಲಸದವರಿಂದ ಒಂದು ಕವಚ ಮಾಡಿಸಿರಿ. ಅದು ರೇಡಿಯೇಟರಿನ ಜಾಲರಿಯನ್ನು ಪೂರ್ತಿ ಮುಚ್ಚಿ, ಫ್ಯಾನಿನ ಕಡೆಗೆ ದುಂಡಗೆ ಕಿರಿದಾಗಬೇಕು. ರೆಕ್ಕೆಯ ಅಗಲದ ಅರ್ಧದಷ್ಟಾದರೂ ಆ ದುಂಡಿನ ಒಳಗಿರಬೇಕು. ರೆಕ್ಕೆಯ ತುದಿಗೂ ತಗಡಿಗೂ ನಡುವೆ ಸುಮಾರು ಒಂದು ಇಂಚು ಬಿಡಬೇಕು, ಏಕೆಂದರೆ ರೇಡಿಯೇಟರ್ ಚಾಸಿಗೆ ಬಿಗಿದಿರುತ್ತದೆ, ಎಂಜಿನ್ ಮಾತ್ರ ತನ್ನ ರಬ್ಬರ್ ಮೌಂಟಿಂಗಿನ ಮೇಲೆ ಅಲುಗಾಡುತ್ತದೆ.

ಎರಡನೆಯದು ಬೋರಿನ ನೀರು. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯ ಬೋರಿನ ನೀರು ಬಹುಮಟ್ಟಿಗೆ ಗಡಸು. ಕಾದಾಗ ಅದರ ಸುಣ್ಣದ ಅಂಶ ಟ್ಯೂಬುಗಳ ಒಳಗೋಡೆಗೆ ಕಟ್ಟುತ್ತ ಹೋಗುತ್ತದೆ, ಮತ್ತು ಆ ಪದರ ಬಿಸಿಯನ್ನು ಲೋಹಕ್ಕೆ ದಾಟಲು ಬಿಡುವುದಿಲ್ಲ. ಎಂಜಿನ್ ಚೆನ್ನಾಗಿ ಕಾದ ಮೇಲೆ ಬಂದ್ ಮಾಡಿ, ಫ್ಯಾನ್ ಪೂರ್ತಿ ನಿಂತ ಬಳಿಕ ರೇಡಿಯೇಟರಿನ ಜಾಲರಿಯ ಹತ್ತಿರ ಅಂಗೈ ಹಿಡಿದು ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಸರಿಸಿ ನೋಡಿರಿ. ಬಿಸಿ ಕ್ರಮವಾಗಿ ಇಳಿಯುತ್ತ ಹೋದರೆ ಸರಿ. ನಡುವೆ ಎಲ್ಲಾದರೂ ಅಂಗೈಯಗಲ ತಣ್ಣಗಿದ್ದರೆ ಅಲ್ಲಿಯ ಟ್ಯೂಬುಗಳಲ್ಲಿ ನೀರು ಹರಿಯುತ್ತಿಲ್ಲ. ತಾಮ್ರ, ಹಿತ್ತಾಳೆಯ ಹಳೆಯ ರೇಡಿಯೇಟರ್ ಆಗಿದ್ದರೆ ಮೇಲಿನ ಟ್ಯಾಂಕ್ ಬಿಚ್ಚಿಸಿ ರಾಡಿಂಗ್, ಅಂದರೆ ಟ್ಯೂಬುಗಳೊಳಗೆ ಸರಳು ಹಾಯಿಸಿ ಸ್ವಚ್ಛ ಮಾಡುವ ಕೆಲಸ, ಮಾಡಿಸಬಹುದು. ಹೊರಗಿನ ಫಿನ್ನುಗಳನ್ನೂ, ಅಂದರೆ ಟ್ಯೂಬುಗಳ ನಡುವಿನ ತೆಳು ತಗಡಿನ ಪಟ್ಟಿಗಳನ್ನೂ, ನೋಡಬೇಕು. ಮೆಕ್ಕೆಜೋಳದ ಸುಗ್ಗಿಯಲ್ಲಿ ಓಡಿಸಿದ ಗಾಡಿಗಳಲ್ಲಿ ರವದಿಯ ಪುಡಿ, ಎಣ್ಣೆಯ ಜಿಡ್ಡು ಮತ್ತು ಕೆಮ್ಮಣ್ಣು ಸೇರಿ ಫಿನ್ನುಗಳ ನಡುವೆ ಕಂಬಳಿಯಂತೆ ಕೂತಿರುವುದನ್ನು ನಾನು ಪದೇ ಪದೇ ಕಾಣುತ್ತೇನೆ. ಅದನ್ನು ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಹಾಯಿಸಿ ತೊಳೆಯಬೇಕೇ ಹೊರತು ಮುಂದಿನಿಂದ ಪ್ರೆಷರ್ ಹೊಡೆದು ಇನ್ನೂ ಒಳಕ್ಕೆ ತಳ್ಳಬಾರದು.

ಪ್ರೆಷರ್ ಕ್ಯಾಪನ್ನು ಮರೆಯಬೇಡಿರಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ಒಳ್ಳೆಯ ಕ್ಯಾಪ್ ಇದ್ದರೆ ಅದೇ ನೀರು 115 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಸವೆದು ಒತ್ತಡ ನಿಲ್ಲದಿದ್ದರೆ ಎಂಜಿನ್ ಅಷ್ಟೇನೂ ಕಾಯದಿದ್ದಾಗಲೂ ನೀರು ಕುದಿದು ಹೊರಚೆಲ್ಲುತ್ತದೆ. ಬಿಸಿಯಿದ್ದಾಗ ಕ್ಯಾಪನ್ನು ಯಾವ ಕಾರಣಕ್ಕೂ ತೆರೆಯಬಾರದು. ಇಷ್ಟೆಲ್ಲ ಆದ ಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಅರ್ಧಕ್ಕರ್ಧ ಕೂಲಂಟ್ ಬೆರೆಸಿ ತುಂಬಿಸಿರಿ. ಆಮೇಲೂ ಬಿಸಿಯಾದರೆ ಎಲೆಕ್ಟ್ರಿಕ್ ಫ್ಯಾನಿನ ಮಾತಾಡೋಣ.

ದುರ್ಗದ ಏರು

ಮೇಲಿನವರ ಮಾತು ಸರಿಯಾಗಿದೆ. ಆದರೂ ಎಲೆಕ್ಟ್ರಿಕ್ ಫ್ಯಾನನ್ನು ಹಾಗೆ ಹಿಂದಕ್ಕೆ ಸರಿಸಿಬಿಡುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬೆಲ್ಟಿನ ಫ್ಯಾನಿನ ಮೂಲ ದೌರ್ಬಲ್ಯವೆಂದರೆ ಅದು ಎಂಜಿನ್ ತಿರುಗಿದಷ್ಟೇ ತಿರುಗುತ್ತದೆ. ಗಾಡಿ ನಿಂತು ಎಂಜಿನ್ ಐಡ್ಲಿಂಗಿನಲ್ಲಿದ್ದಾಗ, ಅಂದರೆ ಗಾಳಿಯ ಅಗತ್ಯ ಅತಿ ಹೆಚ್ಚಿರುವಾಗ, ಅದು ಅತಿ ನಿಧಾನವಾಗಿ ತಿರುಗುತ್ತಿರುತ್ತದೆ. ಎಲೆಕ್ಟ್ರಿಕ್ ಫ್ಯಾನಿಗೆ ಎಂಜಿನ್ನಿನ ವೇಗದ ಹಂಗಿಲ್ಲ.

ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ಎದ್ದು ನಿಂತಿಲ್ಲ. ಮುಂಗಾರಿನ ದಿನಗಳಲ್ಲಿ ಇಲ್ಲಿ ಪಡುವಣ ಗಾಳಿ ಎಷ್ಟು ಬಲವಾಗಿರುತ್ತದೆಂದರೆ, ಗಾಳಿಯನ್ನು ಬೆನ್ನಿಗೆ ಮಾಡಿಕೊಂಡು ಎರಡನೆಯ ಗೇರಿನಲ್ಲಿ ಏರು ಹತ್ತುವ ಜೀಪಿನ ಜಾಲರಿಗೆ ಎದುರುಗಾಳಿ ಎಂಬುದೇ ಇರುವುದಿಲ್ಲ. ಹವೆ ತಂಪಾಗಿದ್ದರೂ ಗಾಡಿ ಕಾಯುತ್ತದೆ. ಜೋಗಿಮಟ್ಟಿಯ ದಾರಿಯಲ್ಲಿ ನನ್ನ ಗಾಡಿಯಲ್ಲಿ ನಾನು ಇದನ್ನು ಸ್ಪಷ್ಟವಾಗಿ ಗಮನಿಸಿದ್ದೇನೆ. ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದ ಮೇಲೆ ಆ ತೊಂದರೆ ಇಲ್ಲವಾಯಿತು.

ಆದರೆ ಗ್ಯಾರೇಜಿನವರು ಹೇಳಿದ ವಿಧಾನ ತಪ್ಪು ಎಂದು ಖಂಡಿತವಾಗಿ ಹೇಳುತ್ತೇನೆ. ಮಾರುತಿ 800 ಕಾರಿನದು 796 ಸಿಸಿಯ ಚಿಕ್ಕ ಎಂಜಿನ್. ಅದರ ಫ್ಯಾನನ್ನು ಅದರ ಚಿಕ್ಕ ರೇಡಿಯೇಟರಿಗೆ ತಕ್ಕಂತೆ ಮಾಡಿರುತ್ತಾರೆ. ನಿಮ್ಮ ಎಂಜಿನ್ ಅದರ ಮೂರು ಪಟ್ಟಿಗಿಂತ ದೊಡ್ಡದು. ಬೆಲ್ಟಿನ ಫ್ಯಾನನ್ನು ತೆಗೆದು ಅದೊಂದನ್ನೇ ನಂಬಿದರೆ ಈಗಿರುವುದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಒಂದೇ ಫ್ಯಾನ್ ಸಾಕೆನ್ನುವುದಾದರೆ ಜಾಲರಿಯ ಅಗಲಕ್ಕೆ ಹೊಂದುವ 14 ಅಥವಾ 16 ಇಂಚಿನ, ದೊಡ್ಡ ಡೀಸೆಲ್ ಕಾರಿನಿಂದ ಬಂದ ಫ್ಯಾನನ್ನು ಅದರ ಷ್ರೌಡ್ ಸಮೇತ ಹುಡುಕಬೇಕು.

ಅದನ್ನು ಕೂರಿಸಬೇಕಾದ ಜಾಗ ರೇಡಿಯೇಟರಿನ ಹಿಂದೆ, ಎಂಜಿನ್ ಕಡೆಗೆ. ಅಲ್ಲಿಂದ ಅದು ಗಾಳಿಯನ್ನು ಎಳೆಯುತ್ತದೆ. ಮುಂದೆ ಕೂರಿಸಿ ತಳ್ಳುವ ಫ್ಯಾನಿನ ಮೋಟಾರು ಮತ್ತು ರೆಕ್ಕೆಗಳು ವೇಗದಲ್ಲಿ ಹೋಗುವಾಗ ತಾವೇ ಗಾಳಿಗೆ ಅಡ್ಡ ನಿಲ್ಲುತ್ತವೆ. ಎಳೆಯುವ ಫ್ಯಾನಿನ ವೈರುಗಳನ್ನು ಅದಲು ಬದಲು ಮಾಡಿ ತಳ್ಳುವ ಫ್ಯಾನ್ ಮಾಡಿಕೊಳ್ಳುವವರಿದ್ದಾರೆ. ಮೋಟಾರೇನೋ ಹಿಮ್ಮುಖ ತಿರುಗುತ್ತದೆ, ಆದರೆ ರೆಕ್ಕೆಯ ಬಾಗು ಒಂದೇ ದಿಕ್ಕಿಗೆ ಹೊಂದಿಕೊಂಡಿರುವುದರಿಂದ ಗಾಳಿ ಬಹಳ ಕಡಿಮೆಯಾಗುತ್ತದೆ. ಇನ್ನು, ಜಾಲರಿಯ ಮೂಲಕವೇ ತೂರಿಸಿ ಬಿಗಿಯುವ ಪ್ಲಾಸ್ಟಿಕ್ ಟೈಗಳು ನಮ್ಮ ಹೊಲದ ದಾರಿಗಳಿಗೆ ಸಲ್ಲವು. ಪ್ರತಿ ಕುಲುಕಿಗೂ ಫ್ಯಾನಿನ ಭಾರವೆಲ್ಲ ತೆಳುವಾದ ಫಿನ್ನು, ಟ್ಯೂಬುಗಳ ಮೇಲೆ ಬಿದ್ದು, ಉಜ್ಜಿ ಉಜ್ಜಿ ಕೊನೆಗೆ ಟ್ಯೂಬು ತೂತಾಗುತ್ತದೆ. ಎರಡು ಕಬ್ಬಿಣದ ಪಟ್ಟಿಗಳನ್ನು ರೇಡಿಯೇಟರಿನ ಪಕ್ಕದ ಫ್ರೇಮಿಗೆ ಬೋಲ್ಟ್ ಮಾಡಿಸಿ, ಫ್ಯಾನನ್ನು ಆ ಪಟ್ಟಿಗಳಿಗೆ ರಬ್ಬರ್ ವಾಷರ್ ಇಟ್ಟು ಕೂರಿಸಬೇಕು.

ಹಳೆಯ ಫ್ಯಾನ್ ಬಿಚ್ಚುವಾಗ ಒಂದು ಸೂಕ್ಷ್ಮವನ್ನು ಗಮನಿಸಿರಿ. ಫ್ಯಾನನ್ನೂ ಅದರ ಹಿಂದಿನ ಸ್ಪೇಸರನ್ನೂ ಪುಲ್ಲಿಯನ್ನೂ ಸಾಮಾನ್ಯವಾಗಿ ಒಂದೇ ನಾಲ್ಕು ಬೋಲ್ಟುಗಳು ಹಿಡಿದಿರುತ್ತವೆ. ಫ್ಯಾನ್ ಮತ್ತು ಸ್ಪೇಸರ್ ತೆಗೆದ ಮೇಲೆ ಅದೇ ಉದ್ದದ ಬೋಲ್ಟುಗಳನ್ನು ಹಾಕಿದರೆ, ಅವು ತೂತಿನ ತಳ ಮುಟ್ಟಿ ನಿಂತು ಬಿಗಿಯಾದಂತೆ ಕಾಣುತ್ತವೆ. ಪುಲ್ಲಿ ಮಾತ್ರ ಸಡಿಲವಾಗಿಯೇ ಇರುತ್ತದೆ. ಪುಲ್ಲಿ ಕಳಚಿದರೆ ವಾಟರ್ ಪಂಪೂ ನಿಂತಂತೆ. ಅದೇ ಚೂಡಿಯ (ಥ್ರೆಡ್ಡಿನ) ಗಿಡ್ಡ ಬೋಲ್ಟುಗಳನ್ನು ಸ್ಪ್ರಿಂಗ್ ವಾಷರ್ ಸಮೇತ ಹಾಕಿಸಬೇಕು. ಫ್ಯಾನ್ ಮೋಟಾರಿನ ಬೆನ್ನಿಗೂ ಪುಲ್ಲಿಗೂ ನಡುವೆ ಒಂದು ಇಂಚಾದರೂ ಜಾಗ ಉಳಿಯುತ್ತದೆಯೇ ಎಂಬುದನ್ನು ಫ್ಯಾನ್ ಕೊಳ್ಳುವ ಮೊದಲೇ ಅಳೆದುಕೊಳ್ಳಿರಿ. ಹಳೆಯ ಜೀಪುಗಳಲ್ಲಿ ಬಹಳ ಸಲ ಕೆಲಸ ಅಲ್ಲಿಯೇ ನಿಂತುಹೋಗುತ್ತದೆ.

ಹರಿಹರ ಆಟೋ ವೈರಿಂಗ್

ಫ್ಯಾನ್ ಕೂರಿಸುವ ಬಗ್ಗೆ ಮೇಲಿನವರು ಹೇಳಿದ್ದಾರೆ, ನಾನು ವಿದ್ಯುತ್ತಿನ ಭಾಗವನ್ನಷ್ಟೇ ಹೇಳುತ್ತೇನೆ. ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿ ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರ ಗಾಡಿ ಕೆಟ್ಟಿರುವುದು ವೈರಿಂಗಿನಿಂದ ಎಂಬುದು ನನ್ನ ಅನುಭವ.

ಮೊದಲು ಲೆಕ್ಕ ಹಾಕಿರಿ. ದೊಡ್ಡ ಫ್ಯಾನ್ ಒಂದು ಓಡುವಾಗ ಸುಮಾರು 20 ಆಂಪಿಯರ್ ಎಳೆಯುತ್ತದೆ ಎಂದು ಇಟ್ಟುಕೊಳ್ಳೋಣ. ಶುರುವಾಗುವ ಕ್ಷಣದಲ್ಲಿ ಅದರ ಎರಡು ಮೂರು ಪಟ್ಟು. ತಲಾ 60 ವ್ಯಾಟಿನ ಎರಡು ಹೆಡ್‌ಲೈಟುಗಳಿಗೆ 10 ಆಂಪಿಯರ್ ಬೇಕು. ಹಿಂದಿನ ದೀಪ, ವೈಪರ್, ಹಾರ್ನ್ ಸೇರಿ ಇನ್ನು ಐದಾರು. ಒಟ್ಟು 35ರ ಆಸುಪಾಸು. ಆಲ್ಟರ್ನೇಟರಿನ ಮೈಮೇಲೆ ಅದರ ಆಂಪಿಯರ್ ಕೆತ್ತಿರುತ್ತದೆ, ಓದಿ ನೋಡಿರಿ. ಆದರೆ ಅಲ್ಲಿ ಬರೆದಿರುವುದು ಅದು ವೇಗವಾಗಿ ತಿರುಗುವಾಗಿನ ಲೆಕ್ಕ. ಐಡ್ಲಿಂಗಿನಲ್ಲಿ ಅದರ ಅರ್ಧದಷ್ಟೂ ಬಾರದಿರಬಹುದು. ನಿಮಗೆ ಫ್ಯಾನ್ ಬೇಕಾಗಿರುವುದೋ ಎಪಿಎಂಸಿ ಸಾಲಿನಲ್ಲಿ, ಐಡ್ಲಿಂಗಿನಲ್ಲಿಯೇ. ಆಗ ಕೊರತೆ ಬಿದ್ದ ಕರೆಂಟನ್ನು ಬ್ಯಾಟರಿ ಕೊಡಬೇಕಾಗುತ್ತದೆ, ಮತ್ತು ಹಾಗೆ ಬಹಳ ಹೊತ್ತು ನಿಂತರೆ ಮುಂದಿನ ಬಾರಿ ಸೆಲ್ಫ್ ತಿರುಗುವುದಿಲ್ಲ. ಆದ್ದರಿಂದ ಪೂರ್ತಿ ಎಲೆಕ್ಟ್ರಿಕ್ ಮಾಡುವವರು ಆಲ್ಟರ್ನೇಟರನ್ನೂ ದೊಡ್ಡದು ಮಾಡಿಸುವ ಖರ್ಚನ್ನು ಸೇರಿಸಿಯೇ ಯೋಚಿಸಬೇಕು.

ವೈರಿನ ವಿಷಯ. ಫ್ಯಾನಿಗೆ ಹೋಗಿ ಬರುವ ದಾರಿ ಒಟ್ಟು 4 ಮೀಟರ್ ಎಂದಿಟ್ಟುಕೊಂಡರೆ, 4 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 20 ಆಂಪಿಯರಿಗೆ ಸುಮಾರು 0.35 ವೋಲ್ಟ್ ಮಾತ್ರ ನಷ್ಟವಾಗುತ್ತದೆ. ಅದೇ ಜಾಗದಲ್ಲಿ ಮನೆಯ ವೈರಿಂಗಿನ 1.5 ಚದರ ಮಿಲಿಮೀಟರಿನ ವೈರು ಹಾಕಿದರೆ 0.9 ವೋಲ್ಟಿಗಿಂತ ಹೆಚ್ಚು ನಷ್ಟವಾಗಿ ಫ್ಯಾನ್ ಮಂಕಾಗುತ್ತದೆ, ಬಾನೆಟ್ಟಿನೊಳಗಿನ ಬಿಸಿಯಲ್ಲಿ ವೈರೂ ಕಾಯುತ್ತದೆ. ಬ್ಯಾಟರಿಯ ಪ್ಲಸ್ಸಿನಿಂದ ಹೊರಡುವ ವೈರಿಗೆ ಆದಷ್ಟು ಬ್ಯಾಟರಿಯ ಹತ್ತಿರವೇ 30 ಆಂಪಿಯರ್ ಫ್ಯೂಸ್ ಹಾಕಿ, ಅಲ್ಲಿಂದ 40 ಆಂಪಿಯರ್ ರಿಲೇಯ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚಿನ) 30ನೇ ಕಾಲಿಗೆ ತನ್ನಿರಿ. 87ನೇ ಕಾಲಿನಿಂದ ಫ್ಯಾನಿಗೆ ಹೋಗಲಿ. ರಿಲೇಯ ಕಾಯಿಲಿಗೆ, ಅಂದರೆ 86ನೇ ಕಾಲಿಗೆ, ಇಗ್ನಿಷನ್ ಕೀಲಿಯಿಂದ ಕರೆಂಟ್ ಕೊಟ್ಟು, 85ನೇ ಕಾಲನ್ನು ಥರ್ಮೋ ಸ್ವಿಚ್ಚಿನ, ಅಂದರೆ ನೀರಿನ ಬಿಸಿಗೆ ತಾನಾಗಿ ಹತ್ತಿ ಆರುವ ಸ್ವಿಚ್ಚಿನ, ಮೂಲಕ ಅರ್ತ್ ಮಾಡಿರಿ. ಡ್ಯಾಶ್‌ಬೋರ್ಡಿನಲ್ಲಿ ಕೈಯಿಂದ ಹಾಕುವ ಸ್ವಿಚ್ಚೂ ಬೇಕೆನ್ನುವುದಾದರೆ ಅದನ್ನು ಥರ್ಮೋ ಸ್ವಿಚ್ಚಿಗೆ ಪ್ಯಾರಲಲ್ ಆಗಿ, ಅಂದರೆ ಎರಡರಲ್ಲಿ ಯಾವುದು ಹತ್ತಿದರೂ ಫ್ಯಾನ್ ತಿರುಗುವಂತೆ, ಕೊಡಬೇಕು. ಸೀರೀಸ್ ಆಗಿ ಕೊಟ್ಟರೆ, ಚಾಲಕ ಹಾಕಲು ಮರೆತ ದಿನ ಫ್ಯಾನ್ ತಿರುಗುವುದೇ ಇಲ್ಲ. ಫ್ಯಾನಿನ ಅರ್ತನ್ನು ಬಣ್ಣ ಬಳಿದ ತಗಡಿಗೆ ಸ್ಕ್ರೂ ಹಾಕಿ ಮುಗಿಸದೆ ಬ್ಯಾಟರಿಯ ಮೈನಸ್ಸಿಗೇ ಒಯ್ಯುವುದು ಉತ್ತಮ.

ಡೀಸೆಲ್ ಉಳಿತಾಯದ ಮಾತನ್ನು ಅಳೆದು ನೋಡಬೇಕು. ಫ್ಯಾನ್ ತಿನ್ನುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟರಲ್ಲೊಂದು ಪಾಲಾಗುತ್ತದೆ. ಆದ್ದರಿಂದ ಎಂಜಿನ್ನನ್ನು ಸದಾ ಹೆಚ್ಚು ಆರ್‌ಪಿಎಮ್ಮಿನಲ್ಲಿ ಓಡಿಸುವವರಿಗೆ ಬೆಲ್ಟಿನ ಫ್ಯಾನ್ ತೆಗೆದರೆ ವ್ಯತ್ಯಾಸ ತಿಳಿಯುತ್ತದೆ, ನಿಮ್ಮಂತೆ ನಿಧಾನವಾಗಿ ಓಡಿಸುವವರಿಗೆ ಅಷ್ಟು ತಿಳಿಯುವುದಿಲ್ಲ. ಎಲೆಕ್ಟ್ರಿಕ್ ಫ್ಯಾನಿನ ಕರೆಂಟೂ ಪುಕ್ಕಟೆ ಬರುವುದಿಲ್ಲ. 20 ಆಂಪಿಯರ್ ಎಂದರೆ ಸುಮಾರು 270 ವ್ಯಾಟ್. ಆಲ್ಟರ್ನೇಟರಿನಲ್ಲಿ ಆಗುವ ನಷ್ಟ ಸೇರಿದರೆ ಬೆಲ್ಟಿನ ಮೇಲೆ ಅರ್ಧ ಅಶ್ವಶಕ್ತಿಗಿಂತ ಹೆಚ್ಚೇ ಹೊರೆ ಬೀಳುತ್ತದೆ. ಬೇಕಾದಾಗ ಮಾತ್ರ ಓಡುತ್ತದೆ ಎಂಬುದಷ್ಟೇ ಅದರ ಲಾಭ.

ಮಾಯಕೊಂಡದ ಜೀಪು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ತಮ್ಮ ಸಲಹೆಯಂತೆ ಮೊದಲು ರೇಡಿಯೇಟರ್ ಇಳಿಸಿದೆವು. ಅಂಗೈ ಪರೀಕ್ಷೆಯಲ್ಲಿ ಬಲಬದಿಯ ಕೆಳಭಾಗ ತಣ್ಣಗಿತ್ತು. ಟ್ಯಾಂಕ್ ಬಿಚ್ಚಿದಾಗ ಆ ಭಾಗದ ಟ್ಯೂಬುಗಳ ಬಾಯಲ್ಲಿ ಬಿಳಿಯ ಗಾರೆಯಂಥ ಪದರ ಗಟ್ಟಿಯಾಗಿ ಕೂತಿತ್ತು. ರಾಡಿಂಗ್ ಮಾಡಿಸಿ, ಹೊಸ ಕ್ಯಾಪ್, ಕೂಲಂಟ್ ಹಾಕಿಸಿ, ತಗಡಿನ ಷ್ರೌಡ್ ಮಾಡಿಸಿದ್ದೇನೆ. ಎಂಜಿನ್ ಚಾಲೂ ಇರುವಾಗ ಮುಂದಿನ ಗ್ರಿಲ್ಲಿನ ಮೂಲೆಗೆ ಒಂದು ಹಾಳೆ ಹಿಡಿದರೆ ಈಗ ಅದು ಅಂಟಿಕೊಂಡು ನಿಲ್ಲುತ್ತದೆ, ಮೊದಲು ಅಲ್ಲಿಂದ ಜಾರಿ ಬೀಳುತ್ತಿತ್ತು. ಹೊಲದ ದಾರಿಯ ತೊಂದರೆ ಪೂರ್ತಿ ಹೋಗಿದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಬಹಳ ಹೊತ್ತು ಸಾಲಿನಲ್ಲಿ ನಿಂತರೆ ಮಾತ್ರ ಮುಳ್ಳು ನಡುವಿನಿಂದ ಒಂದಿಷ್ಟು ಮೇಲೇರುತ್ತದೆ, ಕೆಂಪಿನ ಹತ್ತಿರ ಹೋಗುವುದಿಲ್ಲ. ಪುಲ್ಲಿಗೂ ರೇಡಿಯೇಟರಿಗೂ ನಡುವಿನ ಜಾಗ ಅಳೆದಾಗ ಹಿಂದೆ ದೊಡ್ಡ ಫ್ಯಾನ್ ಕೂರುವುದಿಲ್ಲವೆಂದು ತಿಳಿಯಿತು. ಬೆಲ್ಟಿನ ಫ್ಯಾನನ್ನು ಹಾಗೆಯೇ ಇಟ್ಟುಕೊಂಡು, ಸಾಲಿನಲ್ಲಿ ನಿಂತಾಗ ಮಾತ್ರ ನೆರವಾಗುವಂತೆ ಮುಂದೆ ಚಿಕ್ಕದೊಂದು ಎಲೆಕ್ಟ್ರಿಕ್ ಫ್ಯಾನ್ ಹಾಕಿಸಬಹುದೇ? ಹಾಕಿಸಿದರೆ ಥರ್ಮೋ ಸ್ವಿಚ್ಚನ್ನು ಎಲ್ಲಿ ಕೂರಿಸಬೇಕು?

ಹದಡಿ ರಸ್ತೆ ಡೀಸೆಲ್

ಹಾಕಿಸಬಹುದು. ನಿಮ್ಮ ಗಾಡಿಗೆ ನಾನು ಒಪ್ಪುವ ದಾರಿಯೂ ಇದೇ, ಏಕೆಂದರೆ ಎಲೆಕ್ಟ್ರಿಕ್ ಫ್ಯಾನ್ ಯಾವತ್ತಾದರೂ ಕೈಕೊಟ್ಟರೂ ಬೆಲ್ಟಿನ ಫ್ಯಾನ್ ಊರು ಮುಟ್ಟಿಸುತ್ತದೆ. ತಳ್ಳಲೆಂದೇ ಮಾಡಿದ ರೆಕ್ಕೆಯಿರುವ 10 ಅಥವಾ 12 ಇಂಚಿನದನ್ನು ಕೊಳ್ಳಿರಿ. ಜಾಲರಿಯನ್ನು ಹೆಚ್ಚು ಮರೆಮಾಡದಂತೆ ಒಂದು ಬದಿಗೆ, ಪಟ್ಟಿಯ ಮೇಲೆಯೇ ಕೂರಿಸಿರಿ.

ಥರ್ಮೋ ಸ್ವಿಚ್ಚನ್ನು ಮೇಲಿನ ಹೋಸಿನ ಕಡೆ ಕೂರಿಸಿದರೆ ಅದು ಎಂಜಿನ್ನಿನಿಂದ ಹೊರಬರುವ ನೀರಿನ ಬಿಸಿಯನ್ನು ನೋಡುತ್ತದೆ. ಅಲ್ಲಿ ಸ್ವಿಚ್ ಹತ್ತುವ ಮಟ್ಟ ಥರ್ಮೋಸ್ಟಾಟ್ ತೆರೆಯುವ ಮಟ್ಟಕ್ಕಿಂತ ಸ್ಪಷ್ಟವಾಗಿ ಮೇಲಿರಬೇಕು. ನಿಮ್ಮ ಥರ್ಮೋಸ್ಟಾಟಿನ ಮೇಲೆ 82 ಎಂದು ಬರೆದಿದ್ದರೆ 95ರ ಸುಮಾರಿಗೆ ಹತ್ತಿ 88ರ ಸುಮಾರಿಗೆ ಆರುವ ಸ್ವಿಚ್ ಸರಿಹೋಗುತ್ತದೆ. 82ಕ್ಕೇ ಹತ್ತುವ ಸ್ವಿಚ್ ಹಾಕಿದರೆ ಫ್ಯಾನ್ ನಿಲ್ಲದೆ ಓಡುತ್ತಲೇ ಇರುತ್ತದೆ. ಕೆಳಗಿನ ಟ್ಯಾಂಕಿನಲ್ಲಿ ಕೂರಿಸುವುದಾದರೆ ಅಲ್ಲಿ ತಣಿದ ನೀರು ಬರುವುದರಿಂದ ಇನ್ನೂ ಕಡಿಮೆ ಮಟ್ಟದ ಸ್ವಿಚ್ ಬೇಕಾಗುತ್ತದೆ. ಸ್ವಿಚ್ಚಿನ ಮೊನೆಯನ್ನು ಹೋಸಿನ ಹೊರಗೆ ಕಟ್ಟುವುದು ಅಥವಾ ಫಿನ್ನುಗಳ ನಡುವೆ ಚುಚ್ಚುವುದು ಬೇಡ. ಮೇಲಿನ ಹೋಸನ್ನು ಕತ್ತರಿಸಿ ನಡುವೆ ಸೇರಿಸುವ, ಚೂಡಿಯಿರುವ ಲೋಹದ ಕೊಳವೆ ಸಿಗುತ್ತದೆ. ಅದನ್ನು ಹಾಕಿಸಿದರೆ ಮೊನೆ ನೀರಿನಲ್ಲಿಯೇ ಮುಳುಗಿರುತ್ತದೆ.

ಹರಿಹರ ಆಟೋ ವೈರಿಂಗ್

ಆ ಕೊಳವೆಯ ಎರಡೂ ಬದಿಗೆ ರಬ್ಬರ್ ಹೋಸ್ ಇರುವುದರಿಂದ ಅದಕ್ಕೆ ತಾನಾಗಿ ಅರ್ತ್ ಸಿಗುವುದಿಲ್ಲ. ಒಂದೇ ಪಿನ್ನಿನ ಸ್ವಿಚ್ ಆದರೆ ಕೊಳವೆಗೆ ಕ್ಲಿಪ್ ಹಾಕಿ ಪ್ರತ್ಯೇಕವಾಗಿ ಅರ್ತ್ ವೈರ್ ಎಳೆಯಬೇಕು, ಎರಡು ಪಿನ್ನಿನದಾದರೆ ಈ ತೊಂದರೆಯೇ ಇಲ್ಲ. ಚಿಕ್ಕ ಫ್ಯಾನಿಗೆ ಹಳೆಯ ಆಲ್ಟರ್ನೇಟರೇ ಸಾಕಾಗಬಹುದು. ಹಾಗಿದ್ದರೂ ಎಂಜಿನ್ ಐಡ್ಲಿಂಗಿನಲ್ಲಿಟ್ಟು, ಫ್ಯಾನನ್ನೂ ಹೆಡ್‌ಲೈಟುಗಳನ್ನೂ ಹಾಕಿ ಬ್ಯಾಟರಿಯ ಎರಡು ತುದಿಗಳಲ್ಲಿ ಮೀಟರ್ ಹಿಡಿದು ನೋಡಿರಿ. 13 ವೋಲ್ಟಿಗಿಂತ ಮೇಲೆ ನಿಂತರೆ ನಿಶ್ಚಿಂತೆಯಿಂದಿರಬಹುದು, 12.5ಕ್ಕಿಂತ ಕೆಳಗಿಳಿದು ಇಳಿಯುತ್ತಲೇ ಇದ್ದರೆ ಬೆಲ್ಟಿನ ಬಿಗಿಯನ್ನೂ ಆಲ್ಟರ್ನೇಟರನ್ನೂ ಪರೀಕ್ಷಿಸಬೇಕು. ಮೀಟರಿನಲ್ಲಿ ಎಷ್ಟು ಬಂತೆಂದು ಇಲ್ಲಿ ಬರೆದರೆ ಫ್ಯೂಸ್ ಮತ್ತು ವೈರಿನ ಅಳತೆಯನ್ನು ಅದಕ್ಕೆ ತಕ್ಕಂತೆ ತಿಳಿಸುತ್ತೇನೆ.